ನಮ್ಮವರ ಇಂಟರ್‌ಕೂಲರ್

ಹೆಂಡತಿಯಿಂದ ಏನನ್ನೂ ಬಚ್ಚಿಡದ ಗಂಡ ಇದ್ದಾನೆಂದರೆ ನಾನು ನಂಬುವುದಿಲ್ಲ. ಕೆಲವರು ಸಿಗರೇಟು ಬಚ್ಚಿಡುತ್ತಾರೆ, ಕೆಲವರು ತಂಗಿಗೆ ಕಳಿಸಿದ ಉಡುಗೊರೆ ಬಚ್ಚಿಡುತ್ತಾರೆ, ಇನ್ನು ಕೆಲವರು ಬಚ್ಚಿಡುವುದು ನಾಲ್ಕು ಜನರೆದುರು ಹೇಳುವಂಥದ್ದಲ್ಲ. ನಮ್ಮವರು ನನ್ನಿಂದ ಬಚ್ಚಿಟ್ಟದ್ದು ಒಂದು ಇಂಟರ್‌ಕೂಲರ್. ಅದೂ ಎಲ್ಲಿ? ನಾನು ವಾರಕ್ಕೊಮ್ಮೆ ಅಕ್ಕಿ ತೆಗೆಯಲು ಇಳಿಯುವ ಕೆಲ್ಲರಿನಲ್ಲಿ, ಅಂದರೆ ಇಲ್ಲಿ ಪ್ರತಿ ಮನೆಗೂ ನೆಲದಡಿಯಲ್ಲಿ ಕೊಡುವ ಉಗ್ರಾಣದಲ್ಲಿ, ಹಪ್ಪಳದ ಡಬ್ಬಿಗಳ ಹಿಂದೆ. ರಟ್ಟಿನ ಪೆಟ್ಟಿಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ‘ಚಳಿಗಾಲದ ಬಟ್ಟೆ’ ಎಂದು ಬರೆದಿದ್ದರು. ಕನ್ನಡದಲ್ಲೇ. ಜರ್ಮನ್ನಿನಲ್ಲಿ ಬರೆದಿದ್ದರೆ ಮಗಳು ಓದಿ ಪೆಟ್ಟಿಗೆ ಬಿಚ್ಚುತ್ತಿದ್ದಳು. ಕನ್ನಡ ಓದುವವಳು ಮನೆಯಲ್ಲಿ ನಾನೊಬ್ಬಳೇ, ಓದಿದ್ದನ್ನು ನಂಬುತ್ತೇನೆಂದೂ ಅವರಿಗೆ ಗೊತ್ತಿತ್ತು. ನಂಬಿದೆ ಕೂಡ. ಆ ಪೆಟ್ಟಿಗೆ ಬಿಚ್ಚಿದ್ದು ಅವರು ತೀರಿಕೊಂಡ ಎರಡು ತಿಂಗಳ ಮೇಲೆ, ಸ್ವೆಟರುಗಳನ್ನು ಯಾರಿಗಾದರೂ ಕೊಡೋಣವೆಂದು. ಒಳಗೆ ಸಾಲುಸಾಲು ತಗಡಿನ ಎಸಳುಗಳಿದ್ದ, ಬೆಳ್ಳಗೆ ಹೊಳೆಯುವ ಒಂದು ಅಲ್ಯುಮಿನಿಯಂ ವಸ್ತು. ರೂಮ್ ಹೀಟರ್ ಇರಬೇಕೆಂದುಕೊಂಡು, ಚಳಿಗಾಲದ ಬಟ್ಟೆಯ ಬದಲು ಚಳಿಗಾಲದ ಹೀಟರ್ ಇಟ್ಟಿದ್ದಾರೆ, ಪಾಪ, ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಪ್ಲಗ್ ಎಲ್ಲಿದೆ ಎಂದು ಹುಡುಕುತ್ತಲೇ ಅತ್ತೆ.

ನಮ್ಮವರ ಹೆಸರು ಮಹಾಂತೇಶ. ಊರು ಗದಗ, ನನ್ನದು ಧಾರವಾಡ. ಇಲ್ಲಿ ಜರ್ಮನಿಯಲ್ಲಿ, ಶ್ವೀಬರ್ಡಿಂಗೆನ್ನಿನ ಒಂದು ಕಂಪನಿಯಲ್ಲಿ, ಕಾರಿನ ಎಂಜಿನ್ನು ಯಾವ ಕ್ಷಣಕ್ಕೆ ಎಷ್ಟು ಗಾಳಿ, ಎಷ್ಟು ಪೆಟ್ರೋಲು ತೆಗೆದುಕೊಳ್ಳಬೇಕೆಂದು ಹೇಳಿಕೊಡುವ ಸಾಫ್ಟ್‌ವೇರ್ ಬರೆಯುತ್ತಿದ್ದರು. ಫೆಬ್ರವರಿಯ ಒಂದು ಮಂಗಳವಾರ ಆಫೀಸಿನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಹಾಗೇ ಕುಸಿದರು. ಆಂಬ್ಯುಲೆನ್ಸು ಆರು ನಿಮಿಷಕ್ಕೆ ಬಂತಂತೆ. ಈ ದೇಶದಲ್ಲಿ ಎಲ್ಲವೂ ಸಮಯಕ್ಕೆ ಸರಿಯಾಗಿ ಬರುತ್ತದೆ, ಅವರು ಮಾತ್ರ ಕಾಯಲಿಲ್ಲ. ನಲವತ್ತೇಳು ವಯಸ್ಸು. ಅಷ್ಟೇ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ, ಹಾಗಾಗಿ ಕಾರಿನ ವಿಷಯ ಬರೆಯುತ್ತೇನೆ.

ಕಾರೆಂದರೆ ಕೊಂಬಿ. ಹಿಂದೆ ಡಿಕ್ಕಿಯ ಬದಲು ಒಂದು ಸಣ್ಣ ಕೋಣೆಯಷ್ಟು ಜಾಗವಿರುವ ಸಂಸಾರಸ್ಥರ ಗಾಡಿಗೆ ಇಲ್ಲಿ ಹಾಗೆನ್ನುತ್ತಾರೆ. ಮಗಳು ಪಲ್ಲವಿ ಕೂಸಾಗಿದ್ದಾಗ, ಅವಳ ತಳ್ಳುಗಾಡಿ ಹಿಡಿಸಲೆಂದು ಕೊಂಡದ್ದು. ಈಗ ಅವಳಿಗೆ ಹದಿನಾರು. ಮೈ ದೊಡ್ಡದು, ಎಂಜಿನ್ನು ಮಾತ್ರ ಹೊಲಿಗೆ ಮಷೀನಿನ ಅಳತೆಯದು. ಒಮ್ಮೆ ದೀಪಾವಳಿಗೆ ಇಂಗೋಲ್‌ಸ್ಟಾಟ್‌ನ ಗೆಳೆಯರ ಮನೆಗೆ ಹೊರಟಾಗ, ಆಟೋಬಾನ್ ಹೆದ್ದಾರಿ ಗುಡ್ಡ ಏರುವಲ್ಲಿ, ಹಾಲಿನ ಟ್ಯಾಂಕರೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಡ್ರೈವರ್ ನಮ್ಮತ್ತ ನೋಡಿ ಕೈ ಬೀಸಿದ. ಅದನ್ನು ನಾನು ಇಂಗೋಲ್‌ಸ್ಟಾಟ್‌ನಲ್ಲಿ ಹನ್ನೆರಡು ಜನ ಕನ್ನಡದ ಎಂಜಿನಿಯರುಗಳ ಮುಂದೆ, ಟ್ಯಾಂಕರಿನವನ ಕೈಬೀಸು ಸಮೇತ, ಅಭಿನಯಿಸಿ ತೋರಿಸಿದೆ. ‘ರೀ, ನಾ ಇಳದು ನೂಕ್ಲೇನ್ರೀ ಅಂತ ಕೇಳ್ದೆ’ ಎಂದೂ ಸೇರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೂ ನಕ್ಕರು. ಬೊಬ್ಲಿಂಗೆನ್ನಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟರ್. ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕಿ ಹೇಳಿದ್ದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಆ ಸೇವೆಯನ್ನು ಪುಕ್ಕಟೆ ಮಾಡುತ್ತಿದ್ದೆ.

ಅದಾದ ಮೇಲೆಯೇ ಅವರ ಶನಿವಾರದ ಎಣ್ಣೆ ಬದಲಾವಣೆ ಶುರುವಾಯಿತೆಂದು ನನ್ನ ನೆನಪು. ‘ಆಯಿಲ್ ಚೇಂಜ್ ಮಾಡಿಸ್ಕೊಂಡ್ ಬರ್ತೀನಿ’ ಎಂದು ಬೆಳಿಗ್ಗೆ ಹೋದರೆ ಊಟದ ಹೊತ್ತು ಮೀರಿ ಬರುತ್ತಿದ್ದರು. ಆ ವರ್ಷ ನಮ್ಮ ಕಾರಿಗೆ ಬದಲಾಯಿಸಿದಷ್ಟು ಎಣ್ಣೆಯಲ್ಲಿ ನಾನು ಮೂರು ಮದುವೆಗೆ ಬೋಂಡಾ ಕರಿಯಬಹುದಿತ್ತು. ಅವರು ಹೋದ ಮೇಲೆ ಗೊತ್ತಾಯಿತು: ಗಾಳಿ ಎಳೆಯುವ ಫಿಲ್ಟರ್ ಹೊಸದು, ಹೊಗೆ ಬಿಡುವ ಪೈಪು ಅಗಲದ್ದು, ಒಳಗಿನ ಸಾಫ್ಟ್‌ವೇರು ಅವರೇ ಬರೆದದ್ದು. ನನ್ನ ‘ಹೀಟರ್’ ಒಂದನ್ನು ಕೂರಿಸುವುದು ಬಾಕಿಯಿತ್ತು. ಅದಕ್ಕಾಗಿ ಮುಂಭಾಗ ಬಿಚ್ಚಿದ ಕಾರು, ಹಲ್ಲು ಕೀಳಿಸಿಕೊಂಡವರ ಬಾಯಿಯಂತೆ, ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ನಿಂತಿತ್ತು. ಮೇ ತಿಂಗಳಲ್ಲಿ ಕಟ್ಟಡ ನೋಡಿಕೊಳ್ಳುವವರಿಂದ ಕಾಗದ ಬಂತು. ನಿಮ್ಮ ವಾಹನದ ತಪಾಸಣೆಯ ಅವಧಿ ಮುಗಿದಿದೆ, ಓಡದ ವಾಹನವನ್ನು ಇಲ್ಲಿ ಇಡುವಂತಿಲ್ಲ, ದುಃಖದಲ್ಲಿ ನಾವೂ ಭಾಗಿಗಳು. ಮೂರೂ ಒಂದೇ ಪ್ಯಾರಾದಲ್ಲಿ.

ಆಗ ಬಂದವರು ಇಮ್ತಿಯಾಝ್. ವಿಜಯಪುರದವರು, ನಮ್ಮವರ ವಿಭಾಗದಲ್ಲೇ ಕೆಲಸ, ವಯಸ್ಸಿನಲ್ಲಿ ಚಿಕ್ಕವರು. ಕ್ಯಾಂಟೀನಿನ ಸಾಲಿನಲ್ಲಿ ಇವರ ಹಿಂದೆಯೇ ನಿಂತಿದ್ದರು. ಅದನ್ನು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಕಾರಿನ ಸುತ್ತ ಎರಡು ಸುತ್ತು ಹಾಕಿ ಹೇಳಿದರು: ‘ವೈನಿ, ಸುಮ್ನ ಹಿಂದಿನಂಗ ಮಾಡಿ ಮಾರಿಬಿಡೋದು ಚಲೋ. ಕಂಪನಿಯಿಂದ ಬಂದಾಗ ಇದ್ದ ಹಳೇ ಪೈಪು, ಹಳೇ ಫಿಲ್ಟರ್ ಡಬ್ಬಿ ಎಲ್ಲಾ ಅಣ್ಣ ಕೆಲ್ಲರಿನ್ಯಾಗ ಇಟ್ಟಿರ್ತಾರ, ನೋಡ್ರಿ.’

ನೋಡುವುದೇನು ಬಂತು. ಏಪ್ರಿಲಿನಲ್ಲಿ ಒಂದು ದಿನ ನನಗೆ ಎಂಥದೋ ಸಿಟ್ಟು ಬಂದಿತ್ತು. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. ಕೆಲ್ಲರಿನಲ್ಲಿ ತುಕ್ಕು ಹಿಡಿದು ಬಿದ್ದದ್ದನ್ನೆಲ್ಲ ಪಕ್ಕದ ಮನೆಯವರ ಗಾಡಿಯಲ್ಲಿ ಹೇರಿಕೊಂಡು ಹೋಗಿ ಊರಿನ ಗುಜರಿ ಕೇಂದ್ರದಲ್ಲಿ, ‘ಲೋಹ’ ಎಂದು ಬರೆದ ದೊಡ್ಡ ತೊಟ್ಟಿಗೆ ಒಂದೊಂದಾಗಿ ಎಸೆದು ಬಂದಿದ್ದೆ. ಪೈಪು ಬಿದ್ದ ಸದ್ದಿಗೆ ಮನಸ್ಸು ಸ್ವಲ್ಪ ಹಗುರಾಗಿತ್ತು. ಹೊಸದಾಗಿ ಹೊಳೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಹೀಟರನ್ನು ಉಳಿಸಿಕೊಂಡಿದ್ದೆ.

‘ಗುಜರಿಗೆ ಹಾಕ್ಬಂದೆ’ ಎಂದೆ.

ಇಮ್ತಿಯಾಝ್ ಬಗ್ಗಿ ಕಾರಿನ ಬಾಯೊಳಗೆ ನೋಡಿದರು. ಹಳೆಯ ಭಾಗ ಮತ್ತೆ ಹುಡುಕಿ ಹಾಕಬಹುದು, ಇಲ್ಲವೇ ಹೀಗೇ ಗುಜರಿಗೆ ಕೊಡಬಹುದು, ಎಂದರು. ಪಲ್ಲವಿ ಅಲ್ಲಿಯೇ ಗೋಡೆಗೆ ಒರಗಿ ನಿಂತಿದ್ದಳು. ಫೆಬ್ರವರಿಯಿಂದ ಅವಳು ಮನೆಯಲ್ಲಿ ಹೆಚ್ಚು ಮಾತಾಡಿರಲಿಲ್ಲ, ಆಡಿದ ನಾಲ್ಕು ಮಾತೂ ಜರ್ಮನ್ನಿನಲ್ಲೇ. ‘ಫೆರ್ಟಿಶ್ ಮಾಖೆನ್’ ಎಂದಳು. ಮುಗಿಸಿಬಿಡೋಣ ಎಂದು. ಅಪ್ಪ ಶುರು ಮಾಡಿದ್ದು ಎಂದು ಅವಳು ಸೇರಿಸಲಿಲ್ಲ. ಸೇರಿಸಿದ್ದರೆ ನಾನು ಬೇಡವೆನ್ನುತ್ತಿದ್ದೆನೋ ಏನೋ.

ಹೀಗೆ ನಾನು, ಕಾರಿನ ಬಾನೆಟ್ ತೆರೆಯುವ ಹಿಡಿ ಯಾವುದೆಂದು ತಿಳಿಯದೆ ಪೆಟ್ರೋಲಿನ ಮುಚ್ಚಳ ತೆರೆಯುತ್ತಿದ್ದವಳು, ಹಳೆಯ ಸಂಸಾರಸ್ಥ ಗಾಡಿಯೊಂದರ ಶಕ್ತಿವರ್ಧನೆಗೆ ಇಳಿದೆ. ಸಲಕರಣೆ ಸಮೇತ ಬಾಡಿಗೆಗೆ ಸಿಗುವ ಗ್ಯಾರೇಜೊಂದು ನಮ್ಮಲ್ಲಿಂದ ಹತ್ತು ನಿಮಿಷ. ನಮ್ಮವರು ಶನಿವಾರ ಶನಿವಾರ ಹೋಗುತ್ತಿದ್ದುದೂ ಅಲ್ಲಿಗೇ. ಕಾರನ್ನು ಎಳೆಸಿಕೊಂಡು ಹೋದೆವು. ಗ್ಯಾರೇಜಿನ ಯಜಮಾನ, ಎಪ್ಪತ್ತು ದಾಟಿದ ಅಜ್ಜ, ಕಾರನ್ನು ನೋಡಿದ ಕೂಡಲೇ ಗುರುತು ಹಿಡಿದ. ನನ್ನನ್ನು ನೋಡಿ ಅರ್ಥಮಾಡಿಕೊಂಡ. ಟೋಪಿ ತೆಗೆದು ಒಂದು ಕ್ಷಣ ನಿಂತು, ಮತ್ತೆ ಹಾಕಿಕೊಂಡು, ಮೂರನೆಯ ಅಂಕಣ ಖಾಲಿ ಇದೆ ಎಂದ. ಇಷ್ಟು ಚೆನ್ನಾಗಿ ನನಗೆ ಸಾಂತ್ವನ ಹೇಳಿದವರು ಆ ವರ್ಷ ಇನ್ನಾರೂ ಇರಲಿಲ್ಲ.

ಮೂರು ಶನಿವಾರ ಹಿಡಿಯಿತು. ಇಮ್ತಿಯಾಝ್ ಕೆಲಸ ಮಾಡಿದರು, ಪಲ್ಲವಿ ಸ್ಪ್ಯಾನರ್ ಕೊಟ್ಟಳು, ನಾನು ಟಾರ್ಚ್ ಹಿಡಿದೆ. ಬೇಕಾದ ಕಡೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಬೆಳಕು ಹಿಡಿದೆನೆಂದು ಇಬ್ಬರೂ ದೂರಿದರು. ಹೀಟರ್ ಹೀಟರಲ್ಲ, ಅದಕ್ಕೆ ಸರೀ ಉಲ್ಟಾ, ಗಾಳಿಯನ್ನು ಒತ್ತಿ ತಳ್ಳುವ ಟರ್ಬೋದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡಿ ಎಂಜಿನ್ನಿಗೆ ಕೊಡುವ ಸಾಧನವೆಂದು ಎರಡನೆಯ ಶನಿವಾರ ತಿಳಿಯಿತು. ತಣ್ಣಗಿದ್ದರೆ ಗಾಳಿ ದಟ್ಟವಾಗುತ್ತದಂತೆ, ದಟ್ಟವಾದರೆ ಎಂಜಿನ್ನಿಗೆ ಬಲವಂತೆ. ಆ ದಿನ ಪಲ್ಲವಿ ಚಹಾದ ಫ್ಲಾಸ್ಕು ತರಲು ಹೊರಗೆ ಹೋದಾಗ, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

‘ಇಮ್ತಿಯಾಝ್, ಖರೇ ಹೇಳ್ರಿ. ಆವತ್ತ ಎಲ್ಲಾರ ಮುಂದ ನಾ ಆಡ್ಕೊಂಡು ನಕ್ಕೆನಲ್ಲ, ಅದಕ್ಕ ಇವರು ಇದನ್ನ ಹಚ್ಕೊಂಡ್ರೇನು? ವಾರಪೂರ್ತಿ ದುಡದು, ಶನಿವಾರಾನೂ ಇಲ್ಲಿ ಬಂದು ಒದ್ದಾಡಿ... ನನ್ನ ಮಾತಿಗೇ ಹಿಂಗಾತೇನು?’

ಅವರು ಕಾರಿನಡಿಯಿಂದ ಸರಿದು ಬಂದು ಕೈ ಒರೆಸಿಕೊಂಡರು. ‘ಇಲ್ರಿ ವೈನಿ. ನೀವು ನಕ್ಕಿದ್ದು ಆಮ್ಯಾಲೆ. ಅಣ್ಣ ಅದರಕಿಂತ ಒಂದು ವರ್ಷ ಮೊದ್ಲೇ ಶುರು ಮಾಡಿದ್ರು. ನಿಮ್ಮ ಮಾತು ಅವರಿಗೆ ನೆನಪೂ ಇರ್ಲಿಕ್ಕಿಲ್ಲ.’

‘ಮತ್ತ ಯಾರ ಸಲುವಾಗಿ ಮಾಡಿದ್ರು?’

‘ಯಾರ ಸಲುವಾಗೂ ಅಲ್ರಿ. ತಮ್ಮ ಖುಷಿಗೆ. ಹಿಂಗ ಕಾರಿನ ಬುಡಕ ಮಲಕೊಂಡು ಹಾಡ್ತಿದ್ರು.’

‘ಹಾಡ್ತಿದ್ರಾ? ಇವರಾ?’

‘ಭಾಳ ಜೋರು. ಅಜ್ಜ ಬಂದು ಬಾಗಿಲಾ ಮುಚ್ಚಿ ಹೋಗ್ತಿದ್ದ.’

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಕ್ಷಣವೇ, ಹೇಳಲು ನಾಚಿಕೆಯಾಗುತ್ತದೆ, ಹೊಟ್ಟೆಕಿಚ್ಚಾಯಿತು. ನನ್ನ ಮಾತಿಗೆ ನೊಂದು ಮಾಡಿದ್ದರೆ ನಾನು ಪಾಪಿ. ನನ್ನನ್ನು ಸುಖವಾಗಿ ಗುಡ್ಡ ಹತ್ತಿಸಲೆಂದು ಮಾಡಿದ್ದರೆ ನಾನು ಭಾಗ್ಯವಂತೆ. ಎರಡರಲ್ಲೂ ನಾನಿದ್ದೆ. ಈಗ ನೋಡಿದರೆ ಅವರ ಶನಿವಾರಗಳಲ್ಲಿ ನಾನು ಇರಲೇ ಇಲ್ಲ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದು ನಾನು ಕೇಳದ ದನಿಯನ್ನು ಒಂದು ಸೈಲೆನ್ಸರ್ ಕೇಳಿತ್ತು. ಯಾವ ಹಾಡು ಎಂದು ಕೇಳುವಷ್ಟರಲ್ಲಿ ಪಲ್ಲವಿ ಚಹಾ ತಂದಳು. ಆಮೇಲೆ ಕೇಳಲು ಧೈರ್ಯ ಬರಲಿಲ್ಲ.

ಮೂರನೆಯ ಶನಿವಾರ ಸಾಫ್ಟ್‌ವೇರ್ ಸರದಿ. ನಮ್ಮವರ ಲ್ಯಾಪ್‌ಟಾಪ್ ತೆರೆದರೆ ಎಂಜಿನ್ನಿಗಾಗಿ ಅವರು ಬರೆದ ಅಂಕಿಗಳ ಕೋಷ್ಟಕಗಳು ಸಾಲಾಗಿದ್ದವು. ಹೆಸರುಗಳು ಹೀಗೆ: ‘ಫೈನಲ್’, ‘ಫೈನಲ್ ೨’, ‘ಫೈನಲ್ ಖರೇನ’, ‘ಫೈನಲ್ ಇನ್ನ ಮುಟ್ಟಬಾರದು’. ಕೊನೆಯದನ್ನು ಮುಟ್ಟಿದ್ದು ಅವರು ಹೋಗುವ ಎರಡು ದಿನ ಮೊದಲಿನ ಭಾನುವಾರ. ಇಮ್ತಿಯಾಝ್ ಅಂಕಿಗಳ ಮೇಲೆ ಬೆರಳಾಡಿಸುತ್ತ ನಿಧಾನವಾಗಿ ಓದಿದರು. ‘ಚಲೋ ಐತ್ರಿ ವೈನಿ. ನಾವು ಆಫೀಸಿನ್ಯಾಗ ಹತ್ತು ಮಂದಿ ಕೂಡಿ ಮಾಡಿದ್ರೂ ಇಷ್ಟು ಚಲೋ ಮಾಡಂಗಿಲ್ಲ. ಆದ್ರ ಇದಕ್ಕ ಕಾಗದ ಇಲ್ಲ.’ ಬದಲಾಯಿಸಿದ ಪ್ರತಿಯೊಂದಕ್ಕೂ ಇಲ್ಲಿ ಪ್ರಮಾಣಪತ್ರ ಬೇಕು. ಅದನ್ನು ನೋಡಿ ತಪಾಸಣೆಯವರು ಗಾಡಿಯ ದಾಖಲೆಯಲ್ಲಿ ಬರೆದುಕೊಟ್ಟರೆ ಮಾತ್ರ ರಸ್ತೆಗೆ ಇಳಿಯಬಹುದು. ಪೈಪಿಗೆ ಪತ್ರವಿತ್ತು, ಫಿಲ್ಟರಿಗಿತ್ತು, ಇಂಟರ್‌ಕೂಲರಿಗಿತ್ತು. ಇವರು ತಲೆಯಿಂದ ತೆಗೆದು ಬರೆದದ್ದಕ್ಕೆ ಮಾತ್ರ ಇರಲಿಲ್ಲ. ಪ್ರಮಾಣಪತ್ರವಿರುವ ಅಂಗಡಿಯ ಸಾಫ್ಟ್‌ವೇರನ್ನು ಅದರ ಮೇಲೆ ಬರೆಯಬೇಕಿತ್ತು.

ಬರೆಯುವ ಮುಂಚೆ ಒಮ್ಮೆ ಎಂಜಿನ್ ಚಾಲೂ ಮಾಡಿ ಕೇಳೋಣವೆಂದರು ಇಮ್ತಿಯಾಝ್. ನಿಂತಲ್ಲೇ ಹತ್ತು ನಿಮಿಷ ಓಡಿಸಿದೆವು. ಹೊಲಿಗೆ ಮಷೀನಿನ ಸದ್ದು ಹೋಗಿತ್ತು. ಕೆಳದನಿಯ, ಅವಸರವಿಲ್ಲದ, ತುಂಬಿದ ಸದ್ದು. ಅಜ್ಜ ಬಂದು ಬಾಗಿಲ ಹತ್ತಿರ ನಿಂತ, ಈ ಸಲ ಮುಚ್ಚಲಿಲ್ಲ. ಆಮೇಲೆ ಎಂಜಿನ್ ನಿಲ್ಲಿಸಿ ಕೇಬಲ್ ಸಿಕ್ಕಿಸಿದರು. ಪರದೆಯ ಮೇಲೆ ಪ್ರಶ್ನೆ ಬಂತು: ಈಗಿರುವುದನ್ನು ಅಳಿಸಿ ಹೊಸದನ್ನು ಬರೆಯಲೇ? ‘ಮಮ್ಮಿ, ಕಾಪಿ ಇದೆ’ ಎಂದಳು ಪಲ್ಲವಿ, ಜರ್ಮನ್ನಿನಲ್ಲಿ. ಕಾಪಿ ಇತ್ತು, ನಿಜ. ಅವರ ಕನ್ನಡಕವೂ ಇತ್ತು, ಚಪ್ಪಲಿಗಳೂ ಇದ್ದವು. ನಾನೇ ಒತ್ತುತ್ತೇನೆಂದೆ. ಗಂಭೀರವಾಗಿ ಕೈ ಚಾಚಿ ತಪ್ಪು ಗುಂಡಿ ಒತ್ತಿದೆ. ‘ಅದಲ್ರಿ, ಬಲಗಡೇದು’ ಎಂದರು ಇಮ್ತಿಯಾಝ್. ಬಲಗಡೆಯದನ್ನು ಒತ್ತಿದೆ. ನಾಲ್ಕು ನಿಮಿಷ ಪರದೆಯ ಮೇಲೆ ಹಸಿರು ಪಟ್ಟಿ ತೆವಳಿತು.

ತಪಾಸಣೆಯವನು ನೀಳಕಾಯದ ನಿಧಾನಿ. ಕನ್ನಡಿ ಕಟ್ಟಿದ ಕೋಲನ್ನು ಕಾರಿನಡಿಗೆ ತೂರಿಸಿ ಒಂದೊಂದು ಬೋಲ್ಟನ್ನೂ ಮಾತಾಡಿಸಿದ. ಪತ್ರಗಳನ್ನು ಓದಿ ಒಂದೊಂದಾಗಿ ದಾಖಲೆಗೆ ಏರಿಸಿದ. ಕೊನೆಗೆ, ಪೈಪಿನ ಕೆಲಸ ಯಾರದ್ದು ಎಂದು ಕೇಳಿದ. ‘ಮೈನ್ ಮಾನ್’ ಎಂದೆ, ನನ್ನ ಗಂಡ. ಬಹಳ ಅಚ್ಚುಕಟ್ಟಾಗಿ ಮಾಡಿದ್ದಾರೆ, ಅವರಿಗೆ ಹೇಳಿ, ಎಂದ. ನಾಲ್ಕು ತಿಂಗಳಿಂದ ಎಲ್ಲ ಕೌಂಟರುಗಳಲ್ಲೂ ‘ತೀರಿಕೊಂಡಿದ್ದಾರೆ’ ಎಂದು ಜರ್ಮನ್ನಿನಲ್ಲಿ ಹೇಳಿ ಹೇಳಿ ನನಗೆ ಆ ಕ್ರಿಯಾಪದ ಬಾಯಿಪಾಠವಾಗಿತ್ತು. ಅಲ್ಲಿ ಮಾತ್ರ ಹೇಳಲಿಲ್ಲ. ‘ಹೇಳುತ್ತೇನೆ’ ಎಂದೆ.

ಕಾರನ್ನು ಮಾರಲಿಲ್ಲ. ಬಸ್ಸು, ಟ್ರೇನು ಬದಲಿಸಿ ಬೊಬ್ಲಿಂಗೆನ್ನಿಗೆ ಹೋಗುತ್ತಿದ್ದವಳು ಈಗ ಅದರಲ್ಲೇ ಹೋಗುತ್ತೇನೆ. ಹೋದ ತಿಂಗಳು ಮನೆಗೊಂದು ಸರ್ಕಾರಿ ಲಕೋಟೆ ಬಂತು. ವೇಗದ ಮಿತಿ ಮೀರಿ ಓಡಿಸಿದ್ದಕ್ಕೆ ರಸ್ತೆ ಬದಿಯ ಕ್ಯಾಮೆರಾ ತೆಗೆದ ನನ್ನ ಚಿತ್ರ, ಜೊತೆಗೊಂದು ಫಾರ್ಮು. ಚಿತ್ರದಲ್ಲಿ ನನ್ನ ಬಾಯಿ ಪೂರ್ತಿ ತೆರೆದಿದೆ. ಬಲಗೈ ಸ್ಟೀರಿಂಗ್ ಬಿಟ್ಟು ಮೇಲೆದ್ದು, ತೋರುಬೆರಳು ಪಕ್ಕದ ಸೀಟಿನತ್ತ ಚಾಚಿದೆ. ಆ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ತಪಾಸಣೆಯವನು ಹೇಳಿದ್ದನ್ನು ಹೇಳಲೆಂದು ಶುರು ಮಾಡಿದವಳು, ಕಾರಿಗಾಗಿ ಇಷ್ಟು ಒದ್ದಾಡಿದವರು ಡಾಕ್ಟರ ಅಪಾಯಿಂಟ್‌ಮೆಂಟನ್ನು ಎರಡೆರಡು ಸಲ ಮುಂದೆ ಹಾಕಿದ್ದು ಯಾಕೆ, ಒಂದು ಬಿಪಿ ನೋಡಿಸಿಕೊಳ್ಳಲು ನಿಮಗೇನು ಧಾಡಿಯಾಗಿತ್ತು ಎಂದು ಬೈಯತೊಡಗಿದ್ದೆ. ಬೈಗುಳ ಏರಿದಂತೆ ಕಾಲೂ ಒತ್ತಿರಬೇಕು. ಗಾಡಿ ಗುಡ್ಡವೆಂಬುದನ್ನು ಗಮನಿಸದೆ ಏರಿತ್ತು. ಪಕ್ಕದ ಸೀಟಿನಲ್ಲಿ ಇದ್ದದ್ದು ನನ್ನ ಕೋಟು. ಆದರೆ ಜೊತೆಯಲ್ಲಿ ಕೂತವರ ಮುಖ ಚಿತ್ರದಲ್ಲಿ ಕಾಣಬಾರದೆಂಬುದು ಇಲ್ಲಿನ ಪದ್ಧತಿ. ದಂಡ ಹಾಕುವ ಆಫೀಸಿನ ಯಾರೋ ಕೋಟನ್ನು ಮನುಷ್ಯನೆಂದುಕೊಂಡು ಅಲ್ಲಿಗೆ ನೀಟಾಗಿ ಒಂದು ಕಪ್ಪು ಚೌಕ ಬಳಿದಿದ್ದರು.

ಪಲ್ಲವಿ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ‘ಮಮ್ಮಿ, ಯಾರಿಗೆ ಬೈಲಿಕ್ಹತ್ತಿದ್ದಿ?’ ಎಂದು ಕನ್ನಡದಲ್ಲೇ ಕೇಳಿ, ಉತ್ತರಕ್ಕೆ ಕಾಯದೆ, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಾನು ಮೇಜಿನ ಮುಂದೆ ಕೂತು ಫಾರ್ಮು ತುಂಬಿದೆ. ಚಿತ್ರದಲ್ಲಿ ಕಾರು ಓಡಿಸುತ್ತಿರುವವರು ನೀವೇ ಏನು? ಹೌದು. ತಪ್ಪನ್ನು ಒಪ್ಪಿಕೊಳ್ಳುತ್ತೀರಾ? ಹೌದು. ಪಕ್ಕದಲ್ಲಿ ಯಾರಿದ್ದರು ಎಂದು ಅವರು ಎಲ್ಲಿಯೂ ಕೇಳಿರಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು. ಸರ್ಕಾರಕ್ಕೆ ಸುಳ್ಳು ಬರೆಯುವುದು ಇಲ್ಲಿ ದೊಡ್ಡ ಅಪರಾಧ, ಮತ್ತು ಯಾವ ಉತ್ತರ ಸುಳ್ಳಾಗುತ್ತಿತ್ತೆಂದು ನನಗೆ ಇನ್ನೂ ಗೊತ್ತಾಗಿಲ್ಲ.