ಸೌಟು ಹಿಡಿದವರಿಗೆ ಸರದಿ

"ಸರದಿ ಪ್ರಕಾರ ನಡೆಯೋ ಯುದ್ಧಕ್ಕಿಂತ ದೊಡ್ಡದು ಇನ್ನೊಂದಿಲ್ಲ ಅಂತ ಈ ಭಾನುವಾರ ಸಂಜೆಯೊಳಗೆ ನಿನ್ನ ಬಾಯಲ್ಲೇ ಹೇಳಿಸ್ತೀನಿ. ಹೇಳಿಸದಿದ್ರೆ ಮೀಸೆ ಬೋಳಿಸ್ಕೋತೀನಿ" ಎಂದು ಮಗಳೆದುರು ಘೋಷಿಸಿಬಿಟ್ಟೆ. ನನಗೆ ಮೀಸೆಯೇ ಇಲ್ಲ ಎಂಬುದು ಬೇರೆ ಮಾತು. ಶಪಥಕ್ಕೆ ಒಂದು ಗಾಂಭೀರ್ಯ ಬೇಕಲ್ಲ!

ಯುದ್ಧ ಎಂದ ಕೂಡಲೇ ಗಾಬರಿಯಾಗಬೇಡಿ. ನಮ್ಮ ಟಿವಿಯ ಪಕ್ಕದಲ್ಲಿ ನನ್ನ ಹಳೆಯ ವಿಡಿಯೋ ಗೇಮ್ ಡಬ್ಬವೊಂದಿದೆ. ಅದರೊಳಗೆ ಜಪಾನಿನವರು ಮಾಡಿದ ಒಂದು ಆಟ. ನಮ್ಮ ಕಡೆ ಒಬ್ಬ ಕತ್ತಿಯವನು, ಒಬ್ಬ ಮಂತ್ರದ ಮುದುಕ, ಒಬ್ಬಳು ಮದ್ದು ಕೊಡುವ ಹುಡುಗಿ. ಆ ಕಡೆ ಬೆಟ್ಟದಂಥ ರಾಕ್ಷಸ. ನಾವು ಒಂದು ಏಟು ಹೊಡೆದು ನಿಲ್ಲಬೇಕು, ಆಮೇಲೆ ಅವನು ಹೊಡೆಯುತ್ತಾನೆ. ನಮ್ಮ ಸರದಿ ಬಂದಾಗ ಹೊಡೆಯೋಣವೋ, ಗಾಯಕ್ಕೆ ಮದ್ದು ಹಚ್ಚೋಣವೋ, ಗುರಾಣಿ ಹಿಡಿಯೋಣವೋ ಎಂದು ಎಷ್ಟು ಹೊತ್ತು ಯೋಚಿಸಿದರೂ ಅವನು ಕಾದು ನಿಂತಿರುತ್ತಾನೆ. ಅಂಥ ಸಭ್ಯತೆ ಇವತ್ತು ಮನುಷ್ಯರಲ್ಲೇ ಇಲ್ಲ. ಹಲ್ಲಿನ ಆಸ್ಪತ್ರೆಯಲ್ಲಿ ಟೋಕನ್ ಕೊಟ್ಟು ಒಬ್ಬೊಬ್ಬರನ್ನೇ ಒಳಗೆ ಕಳಿಸುವ ಕೆಲಸ ನನ್ನದು. ಈ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು.

ಮಗಳು ಚಿಕ್ಕವಳಿದ್ದಾಗ ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಇದನ್ನು ಆಡುತ್ತಿದ್ದೆವು. ಯೋಚನೆ ನನ್ನದು, ಗುಂಡಿ ಒತ್ತುವುದು ಅವಳದು. ಈಗ ಕಾಲೇಜಿಗೆ ಹೋಗುತ್ತಾಳೆ. ಕಿವಿಗೆ ಹೆಡ್‌ಫೋನ್ ಏರಿಸಿ ಗೆಳತಿಯರ ಜೊತೆ ಇನ್ನೇನೋ ಆಡುತ್ತಾಳೆ. ಕಣ್ಣು ಮಿಟುಕಿಸುವುದರೊಳಗೆ ಅಲ್ಲಿ ಹೆಣಗಳ ರಾಶಿ. ನಾನು ಪಕ್ಕದಲ್ಲಿ ಬಂದು ಕೂತರೂ ಅವಳಿಗೆ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ಯುದ್ಧ ಯಾವ ಪದ್ಧತಿಯಲ್ಲಿ ನಡೆದರೆ ನನಗೇನು? ಮಗಳು ಮೊದಲಿನ ಹಾಗೆ ಪಕ್ಕದಲ್ಲಿ ಕೂರಬೇಕಿತ್ತು, ಅಷ್ಟೇ.

"ಅಪ್ಪಾ, ಅದೊಂದು ಯುದ್ಧನಾ? ಒಬ್ಬ ಹೊಡೆಯೋವರೆಗೂ ಇನ್ನೊಬ್ಬ ಬಸ್ಸಿಗೆ ಕಾಯೋರ ಥರ ನಿಂತಿರ್ತಾನೆ. ಹಾಗೆಲ್ಲ ಯಾರು ಕಾಯ್ತಾರೆ?"

"ಕಾಯ್ಬೇಕು. ಯಾರೂ ಕಾಯ್ದೆ ಇರೋದಕ್ಕೇ ಲೋಕ ಹೀಗಾಗಿರೋದು."

"ಹಾಗಾದ್ರೆ ಭಾನುವಾರ ಮನೇಲಿ ಎಲ್ಲಾನೂ ಸರದಿ ಪ್ರಕಾರ ನಡೆಸಿ ತೋರಿಸು. ಸಂಜೆವರೆಗೆ ನಡೆದ್ರೆ ನಿನ್ನ ಪಕ್ಕ ಕೂತು ಆಡ್ತೀನಿ. ನಡೀದಿದ್ರೆ ಆ ಡಬ್ಬ ಅಟ್ಟಕ್ಕೆ."

ಒಪ್ಪಿಬಿಟ್ಟೆ. ನನ್ನ ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಕಲಿಯುವವರು ಯೋಚಿಸುವ ಮೊದಲೇ ಬ್ರೇಕ್ ಒತ್ತಿ ಅವಳಿಗೆ ಅಭ್ಯಾಸ. "ಎದುರಿಗೆ ಬರೋ ಲಾರಿಗೂ ಟೋಕನ್ ಕೊಡ್ತೀರೇನ್ರೀ?" ಎಂದು ಕೇಳಿದಳು. ಮಹತ್ಕಾರ್ಯಗಳಿಗೆ ವಿರೋಧ ಮನೆಯಿಂದಲೇ ಶುರುವಾಗುತ್ತದೆ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಹೊಸ ಸಂವಿಧಾನ ಜಾರಿಗೆ ಬಂತು. ಸೌಟು ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು, ಅವರೇ ಕೆಲಸ ಮಾಡಬೇಕು. ಉಳಿದವರು ಇದ್ದಲ್ಲೇ ತೆಪ್ಪಗಿರಬೇಕು. ಮುಗಿದ ಮೇಲೆ ಸೌಟು ಮುಂದಿನವರಿಗೆ.

ನಂಬಿ, ನಡೆಯಿತು! ಮಗಳು ಸೌಟು ಹಿಡಿದು, ಕಾಲೇಜಿನಲ್ಲಿ ತೆಗೆದುಕೊಂಡ ವಿಷಯ ತನಗೆ ಹಿಡಿಸುತ್ತಿಲ್ಲ, ಮುಂದಿನ ವರ್ಷ ಬದಲಾಯಿಸಬೇಕು ಎಂದು ಶುರುಮಾಡಿದಳು. ನಾನು ಬಾಯಿ ತೆರೆದೆ, ಸೌಟು ನೋಡಿ ಮುಚ್ಚಿದೆ. ಅವಳಮ್ಮನದೂ ಅದೇ ಪಾಡು. ಹುಡುಗಿ ಎಲ್ಲವನ್ನೂ ಹೇಳಿ ಮುಗಿಸಿದಳು. ಆಮೇಲೆ ಹೆಂಡತಿ ಸೌಟು ಹಿಡಿದು ಬಟ್ಟೆಗಳನ್ನು ಅಡುಗೆಮನೆಯ ಮೂಲೆಯಲ್ಲಿರುವ ವಾಷಿಂಗ್ ಮೆಷಿನ್ನಿಗೆ ತುಂಬಿ ಗುಂಡಿ ಒತ್ತಿದಳು. ನನ್ನ ಸರದಿಯಲ್ಲಿ ನಾನು ಅಡುಗೆಮನೆ ಗುಡಿಸಿದೆ. ಸುಮ್ಮನೆ ಗುಡಿಸುವುದೆಂದರೇನು? ಮೆಷಿನ್ನನ್ನೇ ಪಕ್ಕಕ್ಕೆ ಎಳೆದು ಅದರ ಹಿಂದಿನ ಕಸವನ್ನೂ ತೆಗೆದೆ. ಆ ಉತ್ಸಾಹದಲ್ಲಿ ಸೌಟು ಬಿಟ್ಟುಕೊಡದೆ ನೇರ ಹಾಲಿಗೆ ಬಂದು, ಅಡುಗೆಮನೆಗೆ ಬೆನ್ನು ಹಾಕಿ ನಿಂತು ಭಾಷಣಕ್ಕೆ ಇಳಿದೆ.

"ತಾಳಿದವನು ಬಾಳಿಯಾನು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ದಡಬಡ ಹೊಡೆಯೋದ್ರಲ್ಲಿ ಏನಿದೆ? ಎದುರಿಗಿರೋನ ಸರದಿನ ಗೌರವಿಸೋದು ಕಣಮ್ಮಾ ವೀರತ್ವ."

ಟಿವಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಕೈಯೆತ್ತಿದಳು.

"ನಿನ್ನ ಸರದಿ ಬರುತ್ತೆ, ತಾಳು" ಎಂದೆ.

ಅವಳು ಅಡುಗೆಮನೆಯ ಕಡೆ ಬೆರಳು ತೋರಿಸಿದಳು. ಭಾಷಣ ಸಾಕು, ಒಲೆಯ ಮುಂದೆ ನಡೆ ಎಂಬ ಅಪಮಾನವಿರಬೇಕೆಂದು ಕಡೆಗಣಿಸಿದೆ. ಮಗಳು ಕಾಲೆತ್ತಿ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಾತು ರುಚಿಸತೊಡಗಿದೆ ಎಂದು ನನಗೆ ಹುರುಪು ಇಮ್ಮಡಿಯಾಯಿತು. ಅಷ್ಟರಲ್ಲಿ ಹೆಂಡತಿ ಕೈಚಾಚಿ, ಟಿವಿಯ ಕೆಳಗೆ ನೆಲದ ಮೇಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ವೈರನ್ನು ಗೋಡೆಯಿಂದ ಸರಕ್ಕನೆ ಕಿತ್ತಳು.

"ಇದು ಅನ್ಯಾಯ. ಸರದಿ ತಪ್ಪಿದೆ" ಎಂದು ಗುಡುಗಿದೆ. ಆಗ ನನ್ನ ಪಾದಗಳು ತಣ್ಣಗಾದವು. ಸ್ಫೂರ್ತಿ ಉಕ್ಕಿದಾಗ ಹೀಗೇ ಆಗುತ್ತದೇನೋ ಎಂದುಕೊಳ್ಳುವಷ್ಟರಲ್ಲಿ, ನನ್ನದೇ ಚಪ್ಪಲಿಯೊಂದು ನೊರೆಯ ಮೇಲೆ ಕೂತು ಮೆರವಣಿಗೆಯಲ್ಲಿ ಬರುತ್ತಿರುವುದು ಕಂಡಿತು. ಹೌಹಾರಿ ತಿರುಗಿದೆ. ಜಾರಿದೆ. ನಾನು ನೆಲಕ್ಕೆ, ಸೌಟು ಮೇಲಕ್ಕೆ. ಅದು ಗಾಳಿಯಲ್ಲಿ ಪಲ್ಟಿ ಹೊಡೆದು ಹೆಂಡತಿಯ ಮಡಿಲಲ್ಲಿ ಬಿತ್ತು.

"ಈಗ ನನ್ನ ಸರದಿ ತಾನೆ?" ಅವಳು ಶಾಂತವಾಗಿ ಕೇಳಿದಳು. "ಮೆಷಿನ್ ಎಳೆದ್ರಲ್ಲ, ಅದರ ನೀರು ಹೊರಗೆ ಹೋಗೋ ಪೈಪು ಮೋರಿಯಿಂದ ಆಚೆ ಬಂದಿದೆ."

"ಮೊದ್ಲೇ ಹೇಳ್ಬಾರ್ದಿತ್ತೇನೇ?"

"ಸೌಟು ನಿಮ್ಮ ಕೈಲಿತ್ತು."

ಮೂವರೂ ಸೇರಿ ನೀರು ಬಳಿದು, ಬಟ್ಟೆ ಹಿಂಡಿ, ನೆಲ ಒರೆಸಿದೆವು. ಅಲ್ಲಿ ಯಾವ ಸರದಿಯೂ ಇರಲಿಲ್ಲ. ಆಡಿದ ಮಾತು ಆಡಿದ್ದೇ. ಡಬ್ಬವನ್ನು ಎದೆಗವಚಿಕೊಂಡು, ಒದ್ದೆ ಪ್ಯಾಂಟಿನಲ್ಲೇ ಅಟ್ಟದ ಕೆಳಗೆ ಸ್ಟೂಲು ಹತ್ತಿದೆ.

"ಇರಪ್ಪಾ" ಎಂದಳು ಮಗಳು. "ಕೆಳಗಿಳಿಸು ಅದನ್ನ."

"ಸೋತೆನಲ್ಲಮ್ಮಾ."

"ಸೋತೆ ಬಿಡು. ಆದ್ರೆ ಇವತ್ತು ಬೆಳಿಗ್ಗೆ ನಾನು ಹೇಳೋದನ್ನ ಪೂರ್ತಿ ಕೇಳಿದ್ರಿ, ಇಬ್ರೂನೂ. ಮಧ್ಯೆ ಬಾಯಿ ಹಾಕ್ಲಿಲ್ಲ. ನನ್ನ ಆಟದಲ್ಲಿ ಬರೀ ಕಿರುಚಾಟ. ಯಾರು ಏನು ಹೇಳಿದ್ರೂ ಕೇಳಿಸೋ ಹೊತ್ತಿಗೆ ಸತ್ತೋಗಿರ್ತೀವಿ. ನಿನ್ನ ಪದ್ಧತಿ ತೀರಾ ಕೆಟ್ಟದ್ದೇನಲ್ಲ. ಹೋಗು, ಪ್ಯಾಂಟ್ ಬದಲಾಯಿಸ್ಕೊಂಡ್ ಬಾ."

ನಾನು ಸ್ಟೂಲಿನಿಂದ ಇಳಿದೆನೋ ಹಾರಿದೆನೋ ನೆನಪಿಲ್ಲ. ಒಣಗಿದ ಪ್ಯಾಂಟು ತೊಟ್ಟು ಬರುವಷ್ಟರಲ್ಲಿ ಟಿವಿಯಲ್ಲಿ ರಾಕ್ಷಸ ಎದ್ದು ನಿಂತಿದ್ದ. ಮಗಳು ಸರಿದು ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟಳು. ಆದರೆ ಆಟದ ಗುಂಡಿಗಳು ಅವಳ ಕೈಯಲ್ಲಿರಲಿಲ್ಲ. ಆ ಬದಿಯಲ್ಲಿ ಕೂತಿದ್ದ ಅವಳಮ್ಮನ ಕೈಯಲ್ಲಿದ್ದವು. ಕತ್ತಿಯವನಿಗೆ ಬುದ್ಧಿ ಹೇಳಿ, ಮುದುಕನನ್ನು ಗದರಿಸಿ, ರಾಕ್ಷಸನ ನಡತೆಯ ಬಗ್ಗೆ ಅವನಿಗೇ ವಿಸ್ತಾರವಾಗಿ ತಿಳಿಸಿ ಹೇಳುತ್ತಿದ್ದಳು. ಹೊಡೆಯುವ ಲಕ್ಷಣವೇ ಕಾಣಲಿಲ್ಲ.

ಎಷ್ಟೆಂದು ತಡೆದುಕೊಳ್ಳಲಿ? "ಏನೇ ಅಷ್ಟೊಂದು ಯೋಚನೆ? ಬೇಗ ಹೊಡಿಯೇ!" ಎಂದುಬಿಟ್ಟೆ.

ಅವಳು ಟಿವಿಯಿಂದ ಕಣ್ಣು ಕೀಳಲಿಲ್ಲ.

"ಸುಮ್ನಿರ್ರೀ. ಮದುವೆಯಾದಾಗಿನಿಂದ, ನಾನು ಹೇಳೋದು ಮುಗಿಯೋವರೆಗೂ ಬಾಯಿ ಮುಚ್ಕೊಂಡು ನಿಂತಿರೋ ಗಂಡಸು ಅಂತ ಈ ಮನೇಲಿ ಸಿಕ್ಕಿರೋದು ಇವನೊಬ್ಬನೇ. ಅಷ್ಟು ಬೇಗ ಯಾಕೆ ಸಾಯಿಸ್ಲಿ?"