ಎರಡು ಶಾಲೆಗೊಂದು ಅಯಸ್ಕಾಂತ

ಸರ್ಕಾರ ಕಳಿಸಿದ ವಿಜ್ಞಾನದ ಪೆಟ್ಟಿಗೆಯಲ್ಲಿ ಎರಡು ಶಾಲೆಗೆ ಸೇರಿ ಒಂದೇ ಅಯಸ್ಕಾಂತ ಇತ್ತು. ಹೊನ್ನಯ್ಯ ಮೇಷ್ಟ್ರಿಗೆ ಅದೇ ಭಾಗ್ಯವಾಯಿತು. ವಾರವೆಲ್ಲ ಅದು ಹಿರೇನಲ್ಲೂರಿನ ಅವರ ಶಾಲೆಯಲ್ಲಿ. ಶನಿವಾರ ಎಮ್ಮೆದೊಡ್ಡಿಯಲ್ಲಿ, ಸುಲೋಚನಮ್ಮ ಟೀಚರ ಶಾಲೆಯ ಮಕ್ಕಳ ಕೈಯಲ್ಲಿ. ಹೊತ್ತೊಯ್ಯುವವರು ಮೇಷ್ಟ್ರೇ. ಮಕ್ಕಳು ಕಾಗದದ ಮೇಲೆ ಗುಂಡುಸೂಜಿ ಓಡಿಸುವಾಗ ಟೀಚರ್ ನಗುತ್ತಿದ್ದರು. ಆ ನಗುವಿಗಾಗಿ ಮೇಷ್ಟ್ರ ಜೀವ ಭಾನುವಾರದಿಂದಲೇ ಹಂಬಲಿಸುತ್ತಿತ್ತು.

ಆದರೆ ನಲವತ್ತು ಸಮೀಪಿಸಿದ ಬ್ರಹ್ಮಚಾರಿಯ ಮನಸ್ಸು ಊರಿಗೆ ಗೊತ್ತಾದರೆ ಮಾನ ಉಳಿದೀತೇ? ಅದಕ್ಕೇ ಅವರು ಕಂಡಕಂಡವರ ಮುಂದೆ ಈ ಪ್ರಯಾಣವನ್ನು ಬೈಯುತ್ತಿದ್ದರು. ಬಸ್ಸಿನ ಧೂಳಂತೆ, ಸೊಂಟ ನೋವಂತೆ. ಕಡೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಗೆಳೆಯ ಸಿಕಂದರ್ ಅದನ್ನು ಕೇಳಿ ಕೇಳಿ ಮರುಗುತ್ತಿದ್ದ. ಮೇಷ್ಟ್ರ ರೇಡಿಯೋ ಅವನ ಅಂಗಡಿಯಲ್ಲೇ ಇತ್ತು. ರಿಪೇರಿಯವರು ಒಳಗಿನ ಸಾಮಾನು ಬದಲಾಯಿಸಿಬಿಡುತ್ತಾರೆಂಬ ಹೆದರಿಕೆಗೆ, ಎಲ್ಲರಂತೆ ಮೇಷ್ಟ್ರೂ ಒಂದೊಂದರ ಮೇಲೂ ಮೊಳೆಯಿಂದ ‘ಹೊ’ ಎಂದು ಗೀಚಿ ಕೊಟ್ಟಿದ್ದರು.

ಆ ಶನಿವಾರ ಮದುವೆಗೆ ಒಪ್ಪುತ್ತೀರಾ ಎಂದು ಟೀಚರನ್ನು ಕೇಳಿಯೇಬಿಡುವುದೆಂದು ಗಟ್ಟಿ ಮನಸ್ಸು ಮಾಡಿ, ಹೊಸ ಬಿಳಿ ಶರಟು ತೊಟ್ಟು ಹೊರಟರು. ಕಡೂರಿನಲ್ಲಿ ಬಸ್ಸು ಬದಲಿಸುವಾಗ ಸಿಕಂದರ್ ಎದುರಾದ.

“ನಿಮ್ ಕಷ್ಟ ಇವತ್ತಿಗೆ ತೀರ್ತು ಬಿಡಿ ಮೇಷ್ಟ್ರೇ” ಎಂದು ನಕ್ಕ.

ಗುಟ್ಟು ಇವನಿಗೆ ಹೇಗೆ ತಿಳಿಯಿತೆಂದು ಮೇಷ್ಟ್ರ ಮುಖ ಕೆಂಪಾಯಿತು.

ಎಮ್ಮೆದೊಡ್ಡಿಯ ಬಸ್ಸಿನಲ್ಲಿ ಹುಚ್ಚಮ್ಮ ಎಂಬ ಮುದುಕಿ ಮೂಗುಬೊಟ್ಟು ಬಿದ್ದುಹೋಯಿತೆಂದು ಬಸ್ಸು ನಿಲ್ಲಿಸಿದಳು. ಮೇಷ್ಟ್ರ ಚೀಲದಲ್ಲಿ ಎಳೆಯೋ ಕಲ್ಲಿದೆ ಎಂದು ಯಾರೋ ಬಾಯಿಬಿಟ್ಟರು. ಅಯಸ್ಕಾಂತ ಚಿನ್ನವನ್ನು ಎಳೆಯುವುದಿಲ್ಲವೆಂದು ಮೇಷ್ಟ್ರು ಪಾಠ ಮಾಡಿದರು.

“ಬಂಗಾರ ಎಳೀದಿದ್ರೆ ಅದನ್ಯಾಕಪ್ಪಾ ವಾರವಾರ ಹೊತ್ಕಂಡ್ ತಿರುಗ್ತೀಯ?” ಎಂದಳು ಹುಚ್ಚಮ್ಮ.

ಇದಕ್ಕೆ ಉತ್ತರವಿದ್ದರೂ ಬಸ್ಸಿನಲ್ಲಿ ಹೇಳುವಂತಿರಲಿಲ್ಲ. ಮೇಷ್ಟ್ರು ಅಯಸ್ಕಾಂತ ಹಿಡಿದೇ ಸೀಟುಗಳ ಕೆಳಗೆ ತೆವಳಿದರು. ಮೊಳೆ, ಪಿನ್ನು, ಲಾಳದ ಚೂರು ಸಿಕ್ಕವು. ಶರಟು ಹಂಚು ತಿಕ್ಕಿದ ಬಟ್ಟೆಯಂತಾಯಿತು. ಮೂಗುಬೊಟ್ಟು ಕೊನೆಗೆ ಮುದುಕಿಯ ಎಲೆಅಡಿಕೆ ಚೀಲದಲ್ಲೇ ಇತ್ತು.

ತಡವಾಗಿ ಶಾಲೆಗೆ ಬಂದರೆ, ಮಕ್ಕಳು ಆಗಲೇ ಬೋಗುಣಿಯ ಸುತ್ತ ಕೂತಿದ್ದರು. ಮೊಳೆ ಚುಚ್ಚಿದ ಬೆಂಡಿನ ದೋಣಿ ನೀರಿನಲ್ಲಿ ತಾನಾಗಿ ಓಡುತ್ತಿತ್ತು. ಒಬ್ಬಳ ಕೈಯಲ್ಲಿ ಬಳೆಯಂಥ ಕರಿ ಅಯಸ್ಕಾಂತ.

“ಸಿಕಂದರ್ ಅವ್ರು ಕಳಿಸಿದ್ರು. ಯಾವುದೋ ರೇಡಿಯೋದ ಸ್ಪೀಕರ್ ಹರಿದಿತ್ತಂತೆ, ಅದರದ್ದು. ಇನ್ಮೇಲೆ ನೀವು ಬರ್ಬೇಕಾಗಿಲ್ಲ ಮೇಷ್ಟ್ರೇ” ಎಂದರು ಟೀಚರ್. ಅವರು ನಗಲಿಲ್ಲ. “ಇಲ್ಲಿಗ್ ಬರೋದು ನಿಮ್ಗೆ ಅಷ್ಟು ಹಿಂಸೆ ಅಂತ ಅವ್ರು ಹೇಳೋವರೆಗೂ ನಂಗೆ ಗೊತ್ತಿರ್ಲಿಲ್ಲ.”

ಹಾಗಲ್ಲ ಎನ್ನಲು ಮೇಷ್ಟ್ರು ಬಾಯಿ ತೆರೆದರು. ಮಕ್ಕಳೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು. ಹುಡುಗಿ ಅಯಸ್ಕಾಂತ ತಿರುಗಿಸಿದಳು. ಅದರ ಬೆನ್ನ ಮೇಲೆ ‘ಹೊ’ ಎಂದು ಗೀಚಿತ್ತು.

“ಏನೋ ಹೇಳೋಕ್ ಬಂದ್ರಿ?” ಎಂದರು ಟೀಚರ್.

“ಏನಿಲ್ಲ. ಬಸ್ಸಿನ ಹೊತ್ತಾಯ್ತು.”

ಬಾಗಿಲವರೆಗೆ ಬಂದ ಟೀಚರ್ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಅದನ್ನು ತಿರುಗಿ ನೋಡುವ ಧೈರ್ಯ ಮೇಷ್ಟ್ರಿಗಾಗಲಿಲ್ಲ. ವಾಪಸ್ಸು ಬಸ್ಸಿನಲ್ಲಿ, ಇಷ್ಟು ದಿನಕ್ಕೆ ಮೊದಲ ಸಲ, ಅವರ ಸೊಂಟ ನಿಜವಾಗಿಯೂ ನೋಯತೊಡಗಿತು.