ನಾಲೆಗೆ ಬಿದ್ದೆದ್ದ ಕಾರು

ಆ ಭಾನುವಾರ ರಾವಂದೂರಿನಲ್ಲಿ ನಿಜವಾಗಿ ಏನು ನಡೆಯಿತು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಕಥೆಗೆ ಹೊಳಪು ಬಂದಿದೆ, ಹಳೆಯ ಕಾರಿಗೆ ಪಾಲಿಶ್ ಹಾಕಿದ ಹಾಗೆ. ಪಾಲಿಶ್‌ನ ಕೆಳಗೆ ಏನಿದೆ ಎಂದು ಕೆರೆದು ನೋಡುವುದು ನನ್ನ ಹುಟ್ಟುಗುಣ. ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರ ಓದಿ ಆ ಗುಣವನ್ನು ರೋಗವಾಗಿ ಬೆಳೆಸಿಕೊಂಡೆ. ಹಾಲಿನವನು ಹಾಲು ಚೆನ್ನಾಗಿದೆ ಅಂದರೆ ನೀರು ಹುಡುಕುತ್ತೇನೆ. ನೀರು ಬೆರೆಸಿದ್ದೇನೆ ಅಂದರೆ, ಇದನ್ನು ಇವನು ಯಾಕೆ ಹೇಳಿದ ಎಂದು ಯೋಚಿಸುತ್ತ ಕೂರುತ್ತೇನೆ. ಇದರಿಂದ ಬೇರೆಯವರಿಗಿಂತ ಹೆಚ್ಚು ಆಯಾಸವಾಗುವುದು ನನಗೇ.

ಇಂಥವನು ಹಳೆಯ ಕಾರು ಕೊಳ್ಳಲು ಹೊರಡಬಾರದು. ಆದರೆ ಹೊರಡಲೇಬೇಕಾಗಿತ್ತು. ನನ್ನ ಹೆಂಡತಿ ಗಿರಿಜಾ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಶಾಲೆಯೊಂದರಲ್ಲಿ ಟೀಚರು. ಹುಣಸೂರಿನಿಂದ ದಿನವೂ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬಂದು ಅವಳ ಸೊಂಟ ಕೆಟ್ಟಿತ್ತು. ಡ್ರೈವಿಂಗ್ ಕಲಿತು, ಲೈಸೆನ್ಸೂ ತೆಗೆದುಕೊಂಡು ಕಾರಿಗಾಗಿ ಕಾಯುತ್ತಿದ್ದಳು. ನಾನು ಕಾರು ನೋಡುತ್ತಿದ್ದೆ. ನೋಡುತ್ತಲೇ ಇದ್ದೆ. ನಮ್ಮೂರಿನ ಡಾಕ್ಟರೊಬ್ಬರ ಕಾರು ತೀರ ಹೊಸದಾಗಿ ಕಂಡಿತೆಂದು ಬೇಡವೆಂದೆ. ಪಿರಿಯಾಪಟ್ಟಣದ ಒಂದು ಕಾರು ಕಡಿಮೆ ಓಡಿತ್ತು, ಮೀಟರಿನ ಮೇಲೆ ಅನುಮಾನ ಬಂತು. ಎಚ್.ಡಿ. ಕೋಟೆಯ ಇನ್ನೊಂದು ಹೆಚ್ಚು ಓಡಿತ್ತು, ಮೀಟರನ್ನು ನಂಬಿದೆ, ಕಾರು ಬೇಡವೆಂದೆ. ಕೊನೆಗೆ ಗಿರಿಜಾ, "ನನ್ನನ್ನ ಒಂದೇ ಸಲ ನೋಡಿ ಒಪ್ಪಿಕೊಂಡ್ರಲ್ಲ, ಆವತ್ತೇನಾಗಿತ್ತು ನಿಮ್ಮ ಬುದ್ಧಿಗೆ? ಈ ಭಾನುವಾರ ಗಾಡಿ ಸಿಗಲಿಲ್ಲ ಅಂದ್ರೆ ಕೆಲಸ ಬಿಡ್ತೀನಿ" ಅಂದಳು.

ರಾವಂದೂರಿನ ಶಿವರುದ್ರಪ್ಪ ಗೊಬ್ಬರದ ಅಂಗಡಿ ಇಟ್ಟುಕೊಂಡವರು, ಹೊಗೆಸೊಪ್ಪನ್ನೂ ಬೆಳೆಯುವವರು. ನಾನೂ ಗಿರಿಜಾಳೂ ಹೋದಾಗ ಅವರ ಬಿಳಿ ಕಾರು ಮನೆಯ ಮುಂದೆ ನಿಂತಿತ್ತು. ನಮ್ಮ ಫ್ರಿಜ್ಜಿನ ಬಾಗಿಲಿನಿಂದ ಕಿತ್ತು ತಂದಿದ್ದ, ಮಾವಿನಹಣ್ಣಿನ ಆಕಾರದ ಆಯಸ್ಕಾಂತವನ್ನು ತೆಗೆದು ಕಾರಿನ ಮೈಗೆ ಹಚ್ಚಿದೆ. ತಗ್ಗು ಬಿದ್ದಲ್ಲಿ ಪುಟ್ಟಿ ಮೆತ್ತಿದ್ದರೆ ಅದು ಅಂಟುವುದಿಲ್ಲವೆಂದು ಎಲ್ಲೋ ಓದಿದ್ದೆ. ಎಲ್ಲ ಕಡೆಯೂ ಅಂಟಿತು. ಅನುಮಾನ ಹೆಚ್ಚಾಯಿತು.

"ಏನ್ ಮೇಷ್ಟ್ರೆ, ಗಾಡಿಗೆ ಮಾವಿನಣ್ಣು ಎಡೆ ಇಡ್ತಿದ್ದೀರಾ?" ಅಂದರು ಶಿವರುದ್ರಪ್ಪ. ಟೀಚರ ಗಂಡನೂ ಅವರ ಪಾಲಿಗೆ ಮೇಷ್ಟ್ರೇ.

ನಾನು ನಗಲಿಲ್ಲ. ಬಾನೆಟ್ಟಿನೊಳಗೆ ತಲೆ ಹಾಕಿ ಇಂಜಿನ್ನಿನ ಸದ್ದು ಕೇಳಿದೆ, ನೆಲಕ್ಕೆ ಬೆನ್ನು ಕೊಟ್ಟು ಟಾರ್ಚು ಬಿಟ್ಟೆ, ಆಮೇಲೆ ಒಳಗೆ ಕೂತೆ. ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆಯಿತು. ಸೀಟಿನ ಕೆಳಗೆ ಕೈಯಾಡಿಸಿದಾಗ ಒಣಗಿದ ನುಣುಪು ಮಣ್ಣು ಉಗುರಿನೊಳಗೆ ಬಂತು. ನೀರಿನ ತಳದ ಮಣ್ಣು.

ಇಲ್ಲಿಂದ ಮುಂದೆ ಕಥೆ ಎರಡಾಗುತ್ತದೆ. ನನ್ನ ಕಥೆಯಲ್ಲಿ ನಾನು ಆ ಬೆರಳನ್ನು ಶಿವರುದ್ರಪ್ಪನವರ ಮುಖದ ಮುಂದೆ ಹಿಡಿದು, "ಇದು ನೀರಿಗೆ ಬಿದ್ದ ಕಾರು" ಎಂದೆ. ಅವರ ಮುಖ ಬಿಳಿಚಿಕೊಂಡಿತು. ತಡವರಿಸುತ್ತ ಒಪ್ಪಿಕೊಂಡರು: ಕಾರು ನಾಲೆಗೆ ಉರುಳಿದ್ದು, ಇನ್ಶೂರೆನ್ಸಿನವರು ಟೋಟಲ್ ಲಾಸ್ ಎಂದು ಕೈತೊಳೆದುಕೊಂಡದ್ದು, ಗುಜರಿಯ ಬೆಲೆಗೆ ಇವರೇ ಉಳಿಸಿಕೊಂಡು ಮತ್ತೆ ಕಟ್ಟಿಸಿದ್ದು. ವಾಸನೆ ಮರೆಮಾಚಲು ಹೊಗೆಸೊಪ್ಪು ತುಂಬಿಟ್ಟದ್ದನ್ನೂ ನಾನೇ ಪತ್ತೆಹಚ್ಚಿದೆ.

ಗಿರಿಜಾಳ ಕಥೆ ಚಿಕ್ಕದು: "ಅವರು ಮೊದಲೇ ಹೇಳಿದ್ರು. ನೀವು ಬಾನೆಟ್ಟಿನೊಳಗಿದ್ರಿ." ಅವಳು ಕಾರನ್ನು ಒಪ್ಪಿದ್ದೇ ಅದಕ್ಕಂತೆ. "ಇಷ್ಟು ದಿನ ನೋಡಿದ್ವಲ್ಲ, ಯಾರಾದ್ರೂ ಒಂದು ಗೀರು ಬಿದ್ದಿದೆ ಅಂದ್ರಾ? ಇವರೊಬ್ಬರು ಇಡೀ ಗಾಡಿನೇ ಬಿದ್ದಿತ್ತು ಅಂದ್ರು. ಅಷ್ಟು ಹೇಳಿದವರು ಬ್ರೇಕ್ ಸರಿಯಿದೆ ಅಂದ್ರೆ ನಂಬಬಹುದು." ಮೈಸೂರಿನಲ್ಲಿ ಒಂದಿಬ್ಬರು ಮೆಕ್ಯಾನಿಕ್ಕುಗಳಿಗೂ ತೋರಿಸಿದೆವು. ಸರಿಯಿದೆ ಅಂದರು. ನಾನು ಅವರನ್ನೂ ನಂಬಲಿಲ್ಲ.

ಕಾರು ಬಂತು. ಗಿರಿಜಾ ಕಾರು ಓಡಿಸತೊಡಗಿದಳು, ಸೊಂಟ ನೆಟ್ಟಗಾಯಿತು. ನಾನು ನನ್ನ ಕಥೆ ಓಡಿಸತೊಡಗಿದೆ. ಕೃಷ್ಣರಾಜನಗರದಲ್ಲಿ ಅವಳ ತಮ್ಮ ನಂಜುಂಡನ ಮನೆಗೆ ಊಟಕ್ಕೆ ಹೋದ ದಿನ ಕಥೆಯಲ್ಲಿ ಶಿವರುದ್ರಪ್ಪನವರಿಗೆ ಬೆವರನ್ನೂ ಇಳಿಸಿದೆ. ನಂಜುಂಡ ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಅಲ್ಲ ಭಾವ, ಅಷ್ಟ್ ಮುಚ್ಚಿಟ್ಟೋನು ಇನ್ನೇನೇನ್ ಮುಚ್ಚಿಟ್ಟವ್ನೋ? ಅಂಥಾ ಗಾಡೀಲಿ ಅಕ್ಕನ್ನ ದಿನಾ ಕಳಿಸ್ತೀರಲ್ಲ, ಬುಡಿ, ನಿಮ್ದು ಗುಂಡಿಗೆ ಕಣ ಭಾವ" ಅಂದ.

ಮಾರನೆಯ ದಿನ ಕಾರಿನ ಕೀ ಮೇಜಿನ ಮೇಲೆಯೇ ಇತ್ತು. ಗಿರಿಜಾ ಬಸ್ಸಿಗೆ ಹೋಗಿದ್ದಳು. ಸಂಜೆ ಸೊಂಟ ಹಿಡಿದುಕೊಂಡು ಬಂದವಳು, "ನೀವು ಎಲ್ಲರೆದುರು ಅಷ್ಟು ಗಟ್ಟಿಯಾಗಿ ಹೇಳಿ ಹೇಳಿ ನನಗೇ ಅನುಮಾನ ಬಂದಿದೆ. ಅವರಾಗೇ ಹೇಳಿದ್ರೋ, ನೀವು ಹಿಡಿದ ಮೇಲೆ ಹೇಳಿದ್ರೋ. ಮುಚ್ಚಿಟ್ಟಿದ್ರೆ ಆ ಗಾಡಿ ನನಗೆ ಬೇಡ" ಅಂದಳು.

ಮದುವೆಯಾದ ಮೇಲೆ ನನ್ನ ರೋಗ ಅವಳಿಗೆ ಅಂಟಿದ್ದು ಅದೇ ಮೊದಲು. ಜೊತೆ ಸಿಕ್ಕಿತೆಂಬ ಸಂತೋಷವೇನೂ ಆಗಲಿಲ್ಲ. ಶಿವರುದ್ರಪ್ಪನವರನ್ನೇ ಕೇಳಬಹುದಿತ್ತು, ಆದರೆ ಅವರು ಸುಳ್ಳು ಹೇಳಿದರೇ ಎಂದು ಅವರನ್ನೇ ಕೇಳುವುದನ್ನು ನಾನು ಓದಿದ ತರ್ಕ ಒಪ್ಪುವುದಿಲ್ಲ. ಆಗ ನೆನಪಾಯಿತು. ಮನೆಯಲ್ಲಿ ನಿಧಾನವಾಗಿ ಪರಿಶೀಲಿಸಲೆಂದು ಅಂದು ಇಂಜಿನ್ನಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಆಮೇಲೆ ಕೇಳಿರಲೇ ಇಲ್ಲ.

ಅಡುಗೆಮನೆಯಲ್ಲಿ ನಿಂತು ಇಬ್ಬರೂ ಕೇಳಿದೆವು. ಮೊದಲು ಇಂಜಿನ್ನು. ಅದರ ಹಿಂದಿನಿಂದ ಶಿವರುದ್ರಪ್ಪನವರ ದನಿ: "ಮೇಷ್ಟ್ರೆ, ಒಂದ್ ಮಾತು. ಎಣ್ಮಗಳು ಓಡ್ಸೋ ಗಾಡಿ, ಮುಚ್ಚಿಟ್ರೆ ಮಾದಪ್ಪ ಮೆಚ್ಚಾಕಿಲ್ಲ. ಇದು ನಾಲೆಗ್ ಬಿದ್ದಿತ್ತು ಕಣ್ರೀ. ಎಡಗಡೆ ಬಾಗ್ಲು, ವೈರಿಂಗು ಎಲ್ಲಾ ಒಸ್ದು. ಸೇತ್ವೆ ತಾವ ಕುಂಬ್ಳಕಾಯಿ ಒಡ್ದೇ ಈಚೆಗ್ ಎಳ್ಸಿದ್ದು. ವಾಸ್ನೆ ಓಗ್ಲಿ ಅಂತ ಒಗೆಸೊಪ್ಪು..."

ಆ ಮಾತನ್ನು ಕತ್ತರಿಸಿ ಇನ್ನೊಂದು ದನಿ, ಬೇಸತ್ತದ್ದು: "ಸ್ವಲ್ಪ ಸುಮ್ಮನಿರಿ ಸ್ವಾಮಿ, ಏನೂ ಕೇಳಿಸ್ತಿಲ್ಲ."

ಗಿರಿಜಾ ಹೋಗಿ ಮೇಜಿನ ಮೇಲಿದ್ದ ಕೀಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು. ನಾನು ರೆಕಾರ್ಡನ್ನು ಮತ್ತೆ ಹಾಕಿ ಪರೀಕ್ಷಿಸಿದೆ. ಆ ಎರಡನೆಯ ದನಿ ನನ್ನದೇ.